ಕಾನಡಾ: ಡೊಂಬಿವಲಿಯ ಒಂದು ಬೇಸಿಗೆ ಸಂಗೀತೋತ್ಸವವೂ ಒಂದು ತಪ್ಪು ಗ್ರಹಿಕೆಯ ಚರಿತ್ರೆಯೂ

1

ಸಂಗೀತೋತ್ಸವಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕರಪತ್ರ, ಸ್ಮರಣಸಂಚಿಕೆ, ಪತ್ರಿಕಾ ವರದಿ, ಧ್ವನಿಮುದ್ರಣ ಎಂಬ ನಾಲ್ಕು ಆಕರಗಳನ್ನು ಅವಲಂಬಿಸುತ್ತಾರೆ. ಯಾರು ಹಾಡಿದರು, ಎಂದು ಹಾಡಿದರು, ಏನನ್ನು ಹಾಡಿದರು ಎಂಬ ಪ್ರಶ್ನೆಗಳಿಗೆ ಇವುಗಳಲ್ಲಿ ಉತ್ತರ ದೊರೆಯುತ್ತದೆ. ಮುಂದೆ ಕುಳಿತವರು ಏನನ್ನು ಕೇಳಿಸಿಕೊಂಡರು ಎಂಬ ಪ್ರಶ್ನೆಗೆ ಇವು ಮೌನವಾಗಿವೆ. ಕೇಳುಗರ ಪಾಲಿನ ಚರಿತ್ರೆ ಉಳಿದಿರುವುದು ಅವರು ಮನೆಯ ಪಡಸಾಲೆಯಲ್ಲಿ, ರೈಲಿನ ಡಬ್ಬಿಯಲ್ಲಿ, ಮದುವೆಯ ಚಪ್ಪರದಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುವ ಪ್ರಸಂಗಗಳಲ್ಲಿ. ಅವುಗಳಲ್ಲಿಯೂ ಎಲ್ಲವೂ ಸರಿಯಾಗಿ ನಡೆದ ಸಂಜೆಗಳು ಬೇಗ ಮರೆಯಾಗುತ್ತವೆ. ಏನೋ ಒಂದು ವಿಲಕ್ಷಣ ಘಟಿಸಿದ ರಾತ್ರಿ ಮಾತ್ರ ಮಾತಿನಲ್ಲಿ ಬಹುಕಾಲ ಬಾಳುತ್ತದೆ. ಅಂಥ ಒಂದು ರಾತ್ರಿಯನ್ನು ಆಧಾರವಾಗಿಟ್ಟುಕೊಂಡು ಒಂದು ಹೆಸರಿನ ಚರಿತ್ರೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೇಸಿಗೆಯ ಸಂಗೀತೋತ್ಸವವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ರಾಮನವಮಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಉತ್ಸವ ಇದರ ಪ್ರಸಿದ್ಧ ಮಾದರಿ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ ಮೊದಲಾದವರನ್ನು ಕೇಳಿದ ಮೂರು ತಲೆಮಾರುಗಳು ಪಾನಕ, ಕೋಸಂಬರಿ, ಚಪ್ಪರದ ಮೇಲೆ ಹಠಾತ್ತನೆ ಸುರಿಯುವ ಬೇಸಿಗೆಯ ಮಳೆ ಇವುಗಳನ್ನು ಸಂಗೀತದಿಂದ ಬೇರ್ಪಡಿಸಿ ನೆನೆಯಲಾರವು. ಉದ್ಯೋಗಕ್ಕಾಗಿ ನಾಡನ್ನು ಬಿಟ್ಟವರು ಈ ಋತುವಿನ ಸಂಭ್ರಮವನ್ನೂ ತಮ್ಮೊಡನೆ ಒಯ್ದರು.

ಹೊರನಾಡಿನ ಸಂಶೋಧಕರಿಗಾಗಿ ಸ್ಥಳದ ವಿವರಣೆಯೂ ಅಗತ್ಯ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು ದೂರ ಓಡಿದ ರೈಲು ಭಾರತದ ಪ್ರಯಾಣಿಕರ ರೈಲುಗಳಲ್ಲಿ ಮೊದಲನೆಯದು. ಮರುವರ್ಷ, 1854ರ ಮೇ ತಿಂಗಳಲ್ಲಿ, ಈ ದಾರಿ ಕಲ್ಯಾಣದವರೆಗೆ ಬೆಳೆಯಿತು. ಡೊಂಬಿವಲಿ ಇವೆರಡರ ನಡುವೆ ಇದೆ. ಮುಂಬಯಿಯೊಳಗೆ ಮನೆ ಮಾಡುವುದು ದುಸ್ಸಾಧ್ಯವಾದಂತೆ ಮಧ್ಯಮವರ್ಗದವರು, ಅವರೊಡನೆ ಕರಾವಳಿ ಮತ್ತು ಉತ್ತರ ಕರ್ನಾಟಕದ ಕನ್ನಡಿಗರು, ಈ ರೈಲುಹಾದಿಯ ಊರುಗಳಲ್ಲಿ ನೆಲೆಸಿದರು. 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪಿತವಾದ ಬಳಿಕ ಖಾರಿಯ ಆಚೆ ನವಿ ಮುಂಬಯಿ ಬೆಳೆಯಿತು. 2004ರಲ್ಲಿ ಠಾಣೆ–ವಾಶಿ ರೈಲು ಆರಂಭವಾದ ಮೇಲೆ ವಾಶಿಯವರು ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯ ಕಛೇರಿಗೆ ಬಂದುಹೋಗುವುದು ಸುಲಭವಾಯಿತು. ಮುಂದೆ ಹೇಳಲಿರುವ ಪ್ರಸಂಗದಲ್ಲಿ ರೈಲಿನ ವೇಳೆಗೂ ಒಂದು ಪಾತ್ರವುಂಟು.

2

2008ರ ಏಪ್ರಿಲ್. ರಾಮನವಮಿ ಕಳೆದ ವಾರ. ಆಗ ನನಗೆ ನಲವತ್ತು ತುಂಬಿರಲಿಲ್ಲ. ಡೊಂಬಿವಲಿ ಪೂರ್ವದಲ್ಲಿದ್ದ ಅಕ್ಕನ ಮನೆಗೆ ರಜೆಗೆಂದು ಹೋಗಿದ್ದೆ. ನೆರೆಹೊರೆಯ ಕೆಲವು ಕಟ್ಟಡಗಳ ಕನ್ನಡ ಹಾಗೂ ಮರಾಠಿ ಕುಟುಂಬಗಳು ವರ್ಗಣಿ ಎತ್ತಿ ಒಂದು ಶಾಲೆಯ ಅಂಗಳದಲ್ಲಿ ಮೂರು ಸಂಜೆಗಳ ಸಂಗೀತವನ್ನು ಏರ್ಪಡಿಸಿದ್ದವು. ಮುಂದೆ ಜಮಖಾನ, ಹಿಂದೆ ಶಾಲೆಯ ಬೆಂಚುಗಳು. ಕೊನೆಯ ಸಂಜೆ ಧಾರವಾಡದ ಕಡೆಯ ಒಬ್ಬ ಖ್ಯಾಲ್ ಗಾಯಕರ ಕಛೇರಿ. ಅವರು ಪ್ರಸಿದ್ಧರಲ್ಲ, ಆದರೆ ಬಲ್ಲವರು. ಈಗ ಅವರು ಬದುಕಿಲ್ಲ. ಖಾಸಗಿ ಬೈಠಕ್ಕಿನ ಈ ವೃತ್ತಾಂತದಲ್ಲಿ ಅವರ ಹೆಸರನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ.

ಮೊದಲ ರಾಗ ಮುಗಿದ ಮೇಲೆ ನಿರೂಪಕರು ಮರಾಠಿಯಲ್ಲಿ “ಆತಾ ಕಾನಡಾ” ಎಂದರು. ಅವರ ಉದ್ದೇಶ ನಾಯಕಿ ಕಾನಡಾ ರಾಗವನ್ನು ಸೂಚಿಸುವುದಾಗಿತ್ತು. ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದ ನಮ್ಮ ಕಡೆಯ ಹಿರಿಯ ಹೆಂಗಸರು ಇದ್ದಕ್ಕಿದ್ದಂತೆ ಚಪ್ಪಾಳೆ ತಟ್ಟಿದರು. ಅಕ್ಕನ ಅತ್ತೆ ಪಕ್ಕದವರಿಗೆ, “ಇನ್ನ ಕನ್ನಡ ಹಾಡತಾರಂತ, ಸುಮ್ನ ಕೂಡ್ರಿ” ಎಂದರು. ಕನ್ನಡಿಗನನ್ನು ಮರಾಠಿಯಲ್ಲಿ ‘ಕಾನಡಾ’ ಎಂದೇ ಕರೆಯುವುದರಿಂದ ಐವತ್ತು ವರ್ಷ ಆ ಮಾತನ್ನು ಕೇಳಿ ಬಾಳಿದ ಆಕೆಗೆ ಬೇರೆ ಅರ್ಥ ಹೊಳೆಯುವ ಕಾರಣವಿರಲಿಲ್ಲ. ವಿಲಂಬಿತ ಖ್ಯಾಲ್ ಆರಂಭವಾಯಿತು. ಚೀಜಿನ ಭಾಷೆ ಬ್ರಜ. ಹತ್ತು ನಿಮಿಷ ತಾಳ್ಮೆಯಿಂದ ಕೇಳಿದ ಅವರು ನನ್ನತ್ತ ಬಾಗಿ, “ತಮ್ಮಾ, ಇದು ಯಾವ ಊರ ಕನ್ನಡಪಾ?” ಎಂದರು. ನನಗೆ ಉತ್ತರ ತೋಚಲಿಲ್ಲ.

ಹತ್ತು ಗಂಟೆಗೆ ಮುಗಿಸಲೇಬೇಕೆಂದು ವ್ಯವಸ್ಥಾಪಕರು ಗಾಯಕರಿಗೆ ಮೊದಲೇ ತಿಳಿಸಿದ್ದರು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕವನ್ನು ಬಳಸುವಂತಿರಲಿಲ್ಲ. ವರ್ಷದಲ್ಲಿ ಕೆಲವೇ ದಿನಗಳಿಗೆ ಸರಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದಾಗಿತ್ತು. ಶಾಲೆಯ ಅಂಗಳದ ಉತ್ಸವಕ್ಕೆ ಅದು ದೊರೆಯುವಂಥದಲ್ಲ. 2005ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿರ್ಬಂಧವನ್ನು ಬಲಪಡಿಸಿತ್ತು. ನಿಯಮದ ಹಿಂದಿನ ಕಾರಣ ನ್ಯಾಯವಾದುದೇ. ಆದರೆ ರಾತ್ರಿಯ ಎರಡನೆಯ, ಮೂರನೆಯ ಪ್ರಹರದ ರಾಗಗಳಿಗೆ ಅಂದಿನಿಂದ ಬಯಲಿನಲ್ಲಿ ಎಡೆ ಇಲ್ಲವಾಯಿತೆಂಬುದನ್ನು ಸಂಗೀತದ ಚರಿತ್ರಕಾರನು ದಾಖಲಿಸಬೇಕಾಗುತ್ತದೆ.

ಒಂಬತ್ತೂಮುಕ್ಕಾಲಕ್ಕೆ ವಿದ್ಯುತ್ತು ಹೋಯಿತು. ಆ ವರ್ಷಗಳಲ್ಲಿ ಮುಂಬಯಿ ನಗರವನ್ನು ಬಿಟ್ಟು ಮಹಾರಾಷ್ಟ್ರದ ಉಳಿದೆಡೆ ವಿದ್ಯುತ್ ಕಡಿತ ಸಾಮಾನ್ಯವಾಗಿತ್ತು. ದೀಪವಿಲ್ಲ, ಫ್ಯಾನಿಲ್ಲ, ಮೈಕಿಲ್ಲ. ಬೈಠಕ್ ಮುಗಿಯಿತೆಂದು ಕೆಲವರು ಎದ್ದರು. ಗಾಯಕರು ಒಂದು ಕ್ಷಣ ನಿಲ್ಲಿಸಿ, ಎಲ್ಲರೂ ಹತ್ತಿರ ಬನ್ನಿ ಎಂದು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಕರೆದರು. ಬೆಂಚುಗಳಲ್ಲಿದ್ದವರು ಜಮಖಾನಕ್ಕೆ ಬಂದರು, ಹಿಂದಿನವರು ಮುಂದಿನವರಾದರು. ಎರಡು ತಂಬೂರಿಗಳ ನಾದ ಆಗ ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿತು. ಹತ್ತು ಹೊಡೆದಾಗ ತರುಣ ವ್ಯವಸ್ಥಾಪಕನೊಬ್ಬ ಗಡಿಯಾರ ತೋರಿಸಿದ. ಕೇಳುಗರಲ್ಲಿದ್ದ ವಕೀಲರೊಬ್ಬರು, ನಿಯಮ ಇರುವುದು ಧ್ವನಿವರ್ಧಕಕ್ಕೆ, ಅದು ಈಗ ತಾನಾಗಿಯೇ ಬಾಯಿ ಮುಚ್ಚಿದೆ ಎಂದರು. ನಗೆಯೆದ್ದಿತು. ಗಾಯಕರು ದರ್ಬಾರಿಗೆ ತಿರುಗಿದರು. ಕತ್ತಲಿನಿಂದಾಗಿ ದರ್ಬಾರಿಗೆ ಅದರ ಸಹಜ ಸಮಯ ಮರಳಿ ದೊರೆಯಿತು. ದೂರದಲ್ಲಿ ಲೋಕಲ್ ರೈಲಿನ ಕೂಗು ಕೇಳಿಬರುತ್ತಿತ್ತು. ಹತ್ತೂವರೆಯ ಸುಮಾರಿಗೆ ವಾಶಿಯ ಕಡೆಯವರು ಠಾಣೆಯ ಗಾಡಿಗಾಗಿ ಮನಸ್ಸಿಲ್ಲದೆ ಎದ್ದುಹೋದರು.

ದರ್ಬಾರಿ ಮುಗಿದಾಗ ಅಕ್ಕನ ಅತ್ತೆ ಕತ್ತಲಲ್ಲೇ ಗಟ್ಟಿಯಾಗಿ, “ಬುವಾ, ಕಾನಡಾ ಆತು. ಇನ್ನ ಕನ್ನಡ ಒಂದು ಆಗಲಿ” ಎಂದರು. ಗಾಯಕರು ನಕ್ಕು ಪುರಂದರದಾಸರ ಒಂದು ಪದವನ್ನೂ, ಅದರ ಬೆನ್ನಿಗೆ ತುಕಾರಾಮರ ಒಂದು ಅಭಂಗವನ್ನೂ ಹಾಡಿ ಕಛೇರಿಯನ್ನು ಮುಗಿಸಿದರು. ದೀಪ ಬಂದುದು ಆಮೇಲೆ.

3

ಇದು ನನ್ನ ಪಾಠ. ಮುಂದಿನ ವರ್ಷಗಳಲ್ಲಿ ಡೊಂಬಿವಲಿಗೆ ಹೋದಾಗಲೆಲ್ಲ ಅಲ್ಲಿ ಇದ್ದವರನ್ನು ಆ ರಾತ್ರಿಯ ವಿಷಯ ಕೇಳಿದ್ದೇನೆ. ಹಳೆಗನ್ನಡ, ನಡುಗನ್ನಡ ಕೃತಿಗಳ ಹಸ್ತಪ್ರತಿಗಳೊಡನೆ ವ್ಯವಹರಿಸಿದವನಿಗೆ ದೊರೆತ ಉತ್ತರಗಳು ಪರಿಚಿತ ರೂಪದಲ್ಲಿ, ಎಂದರೆ ಪಾಠಾಂತರಗಳಾಗಿ ತೋರಿದವು.

ಭಾವನವರ ಪ್ರಕಾರ ದೀಪ ಮಧ್ಯದಲ್ಲಿಯೇ ಮರಳಿ ಬಂದಿತ್ತು. ಮೈಕು ಹಾಕಬೇಡಿರೆಂದು ಕೇಳುಗರೇ ಕೂಗಿದರು. ತಂಬೂರಿ ಹಿಡಿದಿದ್ದ ಕಲ್ಯಾಣದ ಮರಾಠಿ ತರುಣನ ಪ್ರಕಾರ ದರ್ಬಾರಿಯನ್ನು ಹಾಡಲೇ ಇಲ್ಲ. ಕತ್ತಲಲ್ಲಿ ನಾಯಕಿಯೇ ಮುಂದುವರಿಯಿತು. ವೇದಿಕೆಯ ಮೇಲೆಯೇ ಕುಳಿತಿದ್ದವನ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ವಾಶಿಯ ಒಬ್ಬ ಇಂಜಿನಿಯರರು ದಾಸರ ಪದವನ್ನು ತಾವು ಕೇಳಿಯೇ ಹೊರಟೆವೆನ್ನುತ್ತಾರೆ. ಅವರು ಎದ್ದದ್ದು ಹತ್ತೂವರೆಗೆ ಎಂಬುದು ನಿಜವಾದರೆ ಪದವನ್ನು ದರ್ಬಾರಿಗಿಂತ ಮೊದಲೇ ಹಾಡಿರಬೇಕಾಗುತ್ತದೆ. ಅಕ್ಕನ ಅತ್ತೆ 2014ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತಿದ್ದುದು ಒಂದೇ ಮಾತು: “ಲೈಟು ಹೋದ ಮ್ಯಾಲ ಅವರು ಪೂರಾ ಕನ್ನಡದಾಗ ಹಾಡಿದ್ರು.”

ಧ್ವನಿಮುದ್ರಣದಿಂದ ಸಹಾಯವಿಲ್ಲ. ಮುದ್ರಣಯಂತ್ರವನ್ನು ಮೈಕಿನ ಮಿಕ್ಸರಿಗೆ ಜೋಡಿಸಿದ್ದರಿಂದ ವಿದ್ಯುತ್ತಿನೊಡನೆ ಅದೂ ನಿಂತಿತು; ಉಳಿದಿರುವ ಮುದ್ರಣ ಒಂದು ತಾನಿನ ಮಧ್ಯದಲ್ಲಿ ಕಡಿದುಹೋಗುತ್ತದೆ. ಮರುದಿನ ಬೆಳಿಗ್ಗೆ ನಾನು ಮಾಡಿಕೊಂಡ ಟಿಪ್ಪಣಿಯಲ್ಲಿ ರಾಗಗಳ ಬಗೆಗೆ ಇರುವುದು ನಾಲ್ಕು ಬಾಬುಗಳು ಮಾತ್ರ: ನಾಯಕಿ, ದರ್ಬಾರಿ, ದಾಸರ ಪದ, ಅಭಂಗ. ಕ್ರಮಸಂಖ್ಯೆ ಇಲ್ಲ.

ಗ್ರಂಥಸಂಪಾದನೆಯಲ್ಲಿ ನಾವು ಬಹುಮತದಿಂದ ಪಾಠವನ್ನು ನಿರ್ಣಯಿಸುವುದಿಲ್ಲ. ಯಾವ ಪಾಠವನ್ನು ಒಪ್ಪಿದರೆ ಉಳಿದವು ಹೇಗೆ ಹುಟ್ಟಿದವೆಂದು ವಿವರಿಸಬಹುದೋ ಅದಕ್ಕೆ ಮನ್ನಣೆ ಕೊಡುತ್ತೇವೆ. ಈ ದೃಷ್ಟಿಯಿಂದ ನೋಡಿದರೆ ಎಲ್ಲ ನಿರೂಪಣೆಗಳ ಬೇರು ನಿರೂಪಕರ ಬಾಯಿಂದ ಬಂದ ‘ಕಾನಡಾ’ ಎಂಬ ಒಂದು ಮಾತಿನಲ್ಲಿದೆ. ತರುಣ ವಾದಕನಿಗೆ ಅದು ಒಂದು ರಾಗ. ಆದುದರಿಂದ ರಾತ್ರಿಯಿಡೀ ಒಂದೇ ರಾಗ. ನನಗೆ ಅದು ರಾಗಗಳ ಒಂದು ಕುಟುಂಬ; ಆದುದರಿಂದ ನಾಯಕಿಯ ಬಳಿಕ ದರ್ಬಾರಿ. ವಾಶಿಯವರಿಗೆ ಅದು ದಾಸರ ಪದದ ಮುನ್ಸೂಚನೆ. ಅಕ್ಕನ ಅತ್ತೆಗೆ ಅದು ಭಾಷೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಂದು ಹೆಸರಿನೊಳಗೆ ಅಡಗಿರುವ ಅರ್ಥಗಳಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದುದನ್ನು ಆರಿಸಿಕೊಂಡಿದ್ದಾರೆ. ಇಷ್ಟು ಅರ್ಥಗಳು ಆ ಹೆಸರಿನೊಳಗೆ ಹೇಗೆ ಸೇರಿದವು ಎಂಬುದು ಮುಂದಿನ ಪ್ರಶ್ನೆ.

4

‘ಕಾನಡಾ’ ಎಂಬ ರಾಗನಾಮ ‘ಕರ್ಣಾಟ’ ಶಬ್ದದ ತದ್ಭವವೆಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ದರ್ಬಾರಿ, ನಾಯಕಿ, ಕೌಂಸಿ ಮೊದಲಾದ ವಿಶೇಷಣಗಳೊಡನೆ ಇದು ಹಿಂದೂಸ್ತಾನಿ ಪದ್ಧತಿಯ ದೊಡ್ಡ ರಾಗಕುಟುಂಬ. ದಕ್ಷಿಣಾದಿ ಪದ್ಧತಿಯಲ್ಲಿಯೂ ಕಾನಡ ಎಂಬ ರಾಗವಿದೆ. ಇದನ್ನು ಹಿಡಿದು ರಾಗವೇ ಕರ್ನಾಟಕದ್ದೆಂದು ವಾದಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆಧಾರಗಳನ್ನು ನೋಡಿದರೆ ವಿಷಯ ಅಷ್ಟು ಸರಳವಲ್ಲ.

13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗೌಡ ರಾಗದ ಉಪಾಂಗಗಳನ್ನು ಹೇಳುವಾಗ ಕರ್ಣಾಟ, ದ್ರಾವಿಡ, ತುರುಷ್ಕ ಎಂಬ ವಿಶೇಷಣಗಳನ್ನು ಬಳಸುತ್ತಾನೆ. ಗೌಡವೆಂಬುದೇ ಒಂದು ದೇಶನಾಮ. ಅದರ ಮೇಲೆ ಇನ್ನೊಂದು ದೇಶದ ಹೆಸರು. ಒಂದೇ ರಾಗವನ್ನು ಬೇರೆ ಬೇರೆ ಸೀಮೆಯವರು ಹಾಡುವ ಬಗೆಯನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದ ಕಿವಿಗೆ ಮಾತ್ರ ಇಂಥ ಹೆಸರುಗಳ ಅಗತ್ಯ ಬೀಳುತ್ತದೆ. ದೇವಗಿರಿ ಕನ್ನಡ ಮತ್ತು ಮರಾಠಿಗಳು ಸೇರುವ ಸೀಮೆಯ ರಾಜಧಾನಿಯೆಂಬುದು ಇಲ್ಲಿ ಗಮನಾರ್ಹ.

ಎರಡನೆಯ ಆಧಾರ ಬಹಳ ದೂರದ್ದು. ಮಿಥಿಲೆಯ ಲೋಚನನು ‘ರಾಗತರಂಗಿಣಿ’ಯಲ್ಲಿ ಎಣಿಸುವ 12 ಸಂಸ್ಥಾನಗಳಲ್ಲಿ ‘ಕರ್ಣಾಟ’ವೂ ಒಂದು. ಮಿಥಿಲೆಯನ್ನು 1097ರಿಂದ 14ನೆಯ ಶತಮಾನದ ಆರಂಭದವರೆಗೆ ಆಳಿದವರು ಕರ್ಣಾಟ ವಂಶದವರು. ಆ ವಂಶದ ಮೂಲಪುರುಷ ನಾನ್ಯದೇವನು ಸ್ವತಃ ಸಂಗೀತಶಾಸ್ತ್ರಕಾರ, ‘ಭರತಭಾಷ್ಯ’ದ ಕರ್ತೃ. ಈ ಎರಡು ಸಂಗತಿಗಳಿಗೆ ನೇರ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವಷ್ಟು ಸಾಮಗ್ರಿ ನಮ್ಮಲ್ಲಿಲ್ಲ. ಆದರೆ ನಾಡಿನಿಂದ ಅಷ್ಟು ದೂರದಲ್ಲಿ ಒಂದು ಅರಸುಮನೆತನಕ್ಕೂ ಒಂದು ರಾಗಸಂಸ್ಥಾನಕ್ಕೂ ಈ ಹೆಸರು ಅಂಟಿಕೊಂಡಿರುವುದು ಆಲೋಚನಾರ್ಹ. ಕರ್ಣಾಟದ ಒಳಗೆ ಇರುವವನಿಗೆ ‘ಕರ್ಣಾಟ’ನೆಂಬ ಹೆಸರಿನಿಂದ ಯಾವ ಪ್ರಯೋಜನವೂ ಇಲ್ಲ. ಪರಸ್ಥಳದಲ್ಲಿ ನೆಲೆಸಿದವನನ್ನು ಇತರರು ಆ ಹೆಸರಿನಿಂದ ಗುರುತಿಸುತ್ತಾರೆ. ದಕ್ಷಿಣದ ರಾಗಗಳಲ್ಲಿಯೂ ಕರ್ಣಾಟಕ ದೇವಗಾಂಧಾರಿ, ಹಿಂದೂಸ್ತಾನಿ ಕಾಪಿ ಎಂಬಂಥ ನಾಮಗಳು ಹುಟ್ಟಿದ್ದು ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಸಂದರ್ಭದಲ್ಲಿಯೇ.

ಮೂರನೆಯದಾಗಿ, ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. 12ನೆಯ ಶತಮಾನದ ಪೂರ್ವಾರ್ಧದ ಈ ಸಂಸ್ಕೃತ ಗ್ರಂಥದ ಗೀತವಿನೋದದ ಭಾಗದಲ್ಲಿ ದೇಶಭಾಷೆಗಳ ಹಾಡುಗಳು ಉದಾಹೃತವಾಗಿವೆ. ಅವುಗಳಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಈ ಗ್ರಂಥದ ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ; ಉಲ್ಹಾಸ ನದಿಯ ದಂಡೆಯ, ನಮ್ಮ ತಂಬೂರಿ ವಾದಕನ ಊರಾದ ಕಲ್ಯಾಣವಲ್ಲ. ಹೊರನಾಡಿನ ಓದುಗರು ಇವೆರಡನ್ನು ಬೆರೆಸಬಾರದು. ಆದರೂ ಎರಡು ಭಾಷೆಗಳ ಹಾಡನ್ನು ಒಂದೇ ಸಭೆಯಲ್ಲಿ ಕೇಳುವ ರೂಢಿಗೆ ಒಂಬತ್ತು ಶತಮಾನಗಳ ಹಿಂದಿನ ಒಂದು ದಾಖಲೆ ಇದೆಯೆಂಬುದು ಡೊಂಬಿವಲಿಯ ಶಾಲೆಯ ಅಂಗಳಕ್ಕೆ ಅಪ್ರಸ್ತುತವೇನಲ್ಲ.

5

ರಾಗದಿಂದ ದೈವಕ್ಕೆ ಬಂದರೆ ಹೆಸರಿನ ಸ್ವಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ. ಜ್ಞಾನೇಶ್ವರರ ಹೆಸರಿನಲ್ಲಿ ಪ್ರಚಲಿತವಾಗಿರುವ ಒಂದು ಪ್ರಸಿದ್ಧ ಅಭಂಗದಲ್ಲಿ ವಿಠ್ಠಲನನ್ನು ‘ಕಾನಡಾ’ ಎಂದೂ ‘ಕರ್ನಾಟಕು’ ಎಂದೂ ಕರೆಯಲಾಗಿದೆ. ಪಂಢರಪುರದ ದೇವಾಲಯದಲ್ಲಿ ಸಂಸ್ಕೃತ ಮತ್ತು ಕನ್ನಡಗಳಲ್ಲಿರುವ 1237ರ ಶಾಸನ ಹೊಯ್ಸಳ ಸೋಮೇಶ್ವರನು ವಿಠ್ಠಲನಿಗೆ ಗ್ರಾಮವೊಂದನ್ನು ದತ್ತಿಬಿಟ್ಟುದನ್ನು ಹೇಳುತ್ತದೆ. ರಾ. ಚಿಂ. ಢೇರೆಯವರು 1984ರಲ್ಲಿ ಪ್ರಕಟಿಸಿದ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ ಎಂಬ ಮರಾಠಿ ಗ್ರಂಥದಲ್ಲಿ ಈ ಸಂಬಂಧಗಳನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಅಭಂಗದ ‘ಕಾನಡಾ’ ಶಬ್ದಕ್ಕೆ ‘ಕನ್ನಡಿಗ’ ಎಂಬುದರ ಜೊತೆಗೆ ‘ತಿಳಿಯಲು ದುಸ್ಸಾಧ್ಯವಾದವನು’ ಎಂಬ ಅರ್ಥವನ್ನೂ ಮರಾಠಿ ವ್ಯಾಖ್ಯಾನಕಾರರು ಹೇಳುತ್ತಾರೆ. ನೆರೆಯವನ ಭಾಷೆ ಕೇಳಿಸುತ್ತದೆ, ಅರ್ಥವಾಗುವುದಿಲ್ಲ, ದೇವರೂ ಹಾಗೆಯೇ. ತಿಳಿಯದಿರುವುದೇ ಇಲ್ಲಿ ಆಕರ್ಷಣೆಯ ಕಾರಣವಾಗಿದೆ.

17ನೆಯ ಶತಮಾನದ ತುಕಾರಾಮರಲ್ಲಿ ಇದೇ ಭಾವ ವಿನೋದದ ರೂಪವನ್ನು ತಾಳುತ್ತದೆ. ಕನ್ನಡದ ಹೆಣ್ಣೊಬ್ಬಳು ಮರಾಠಿ ಗಂಡನನ್ನು ಮಾಡಿಕೊಂಡ ಕಥೆ ಅವರ ಒಂದು ಅಭಂಗದಲ್ಲಿದೆ. ಆಕೆ ಕನ್ನಡದಲ್ಲಿ ಇಲ್ಲಿಗೆ ಬಾ ಎಂದು ಕರೆದರೆ ಆತ ಬೇರೇನೋ ಕೇಳಿಸಿಕೊಂಡು ದೂರ ಓಡುತ್ತಾನೆ. ತನಗೂ ದೇವರಿಗೂ ನಡುವೆ ಇಂಥ ಸ್ಥಿತಿ ಬಾರದಿರಲಿ ಎಂಬುದು ಕವಿಯ ಬೇಡಿಕೆ. ಅಭಂಗದ ಹಾಸ್ಯ ಫಲಿಸಬೇಕಾದರೆ ಕೇಳುಗರಿಗೆ ಎರಡು ಕನ್ನಡ ಶಬ್ದಗಳಾದರೂ ತಿಳಿದಿರಬೇಕು. ಎಂದರೆ ತಪ್ಪು ಗ್ರಹಿಕೆಯ ಈ ಕಥೆ ಪರಸ್ಪರ ಪರಿಚಯದ ಸಾಕ್ಷಿಯೂ ಆಗಿದೆ. ಗಂಡನಿಗೆ ತಿಳಿಯದುದು ಸಭೆಗೆ ತಿಳಿದಿದೆ.

ಡೊಂಬಿವಲಿಯ ಪ್ರಸಂಗ ಇದರ ಇನ್ನೊಂದು ರೂಪ. ಅಲ್ಲಿ ಮರಾಠಿಯ ಮಾತನ್ನು ಕನ್ನಡದ ಕಿವಿ ತಪ್ಪಾಗಿ ಕೇಳಿಸಿಕೊಂಡಿತು. ಆದರೆ ಆ ತಪ್ಪಿನ ಬಲದಿಂದಲೇ ಅಕ್ಕನ ಅತ್ತೆಗೆ ಕನ್ನಡದ ಪದವನ್ನು ಕೇಳುವ ಧೈರ್ಯ ಬಂದಿತು. “ಕಾನಡಾ ಆತು, ಇನ್ನ ಕನ್ನಡ” ಎಂಬ ಅವರ ಮಾತಿನಲ್ಲಿ ಎರಡೂ ಶಬ್ದಗಳ ನೆಂಟತನವೂ ಅಂತರವೂ ನನ್ನ ಈ ಇಡೀ ಲೇಖನಕ್ಕಿಂತ ಅಡಕವಾಗಿ ಹೇಳಲ್ಪಟ್ಟಿವೆ.

6

ಈ ಊರುಗಳಲ್ಲಿ ಇಂಥ ಮರೆತ ನೆಂಟಸ್ತಿಕೆಗಳು ಇನ್ನೂ ಇವೆ. 1926ರಲ್ಲಿ ಸ್ಥಾಪಿತವಾದ ಕಲ್ಯಾಣ ಗಾಯನ ಸಮಾಜ ನಡೆಸಿಕೊಂಡು ಬಂದಿರುವ ದೇವಗಂಧರ್ವ ಮಹೋತ್ಸವ ಭಾಸ್ಕರಬುವಾ ಬಖಲೆಯವರ ಸ್ಮರಣೆಯದು. 1869ರಿಂದ 1922ರವರೆಗೆ ಬದುಕಿದ್ದ, ಬಾಲಗಂಧರ್ವರಿಗೆ ಗುರುವಾಗಿದ್ದ ಈ ಗಾಯಕರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿದ್ದರು. ವಾಶಿಯ ನಾಟ್ಯಗೃಹಕ್ಕೆ ವಿಷ್ಣುದಾಸ ಭಾವೆಯವರ ಹೆಸರಿದೆ. 1843ರಲ್ಲಿ ಸಾಂಗ್ಲಿಯಲ್ಲಿ ‘ಸೀತಾಸ್ವಯಂವರ’ವನ್ನು ಪ್ರಯೋಗಿಸಿ ಮರಾಠಿ ರಂಗಭೂಮಿಯ ಆದ್ಯರೆನಿಸಿದ ಅವರಿಗೆ ಪ್ರೇರಣೆ ದೊರೆತುದು ಅದರ ಹಿಂದಿನ ವರ್ಷ ಅಲ್ಲಿಗೆ ಬಂದಿದ್ದ ಉತ್ತರ ಕನ್ನಡದ ಕರ್ಕಿಯ ಮೇಳದ ಆಟದಿಂದ. ‘ಸಂಗೀತ ಸೌಭದ್ರ’ದ ಕರ್ತೃ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಪ್ರವಾಹ ಇನ್ನೊಂದು ದಿಕ್ಕಿನಲ್ಲಿಯೂ ಅಷ್ಟೇ ವೇಗವಾಗಿ ಹರಿದಿದೆ: ಉತ್ತರ ಕರ್ನಾಟಕದ ಖ್ಯಾಲ್ ಗಾಯಕರಲ್ಲಿ ಅನೇಕರು ಕೀರ್ತಿಯನ್ನು ಪಡೆದುದು ಪುಣೆ, ಮುಂಬಯಿಗಳ ಶ್ರೋತೃಗಳಿಂದ. ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನ ಸಂಗೀತ ಪರಿಷತ್ತಿನಲ್ಲಿ ಹಾಡಿ ಸಭೆಯನ್ನು ಬೆರಗುಗೊಳಿಸಿದುದು, ಮುಂದೆ ಕುಮಾರ ಗಂಧರ್ವರೆಂದು ದೇಶಕ್ಕೆ ಪರಿಚಿತನಾದುದು ಎಲ್ಲರಿಗೂ ತಿಳಿದ ಸಂಗತಿ.

ಇವುಗಳನ್ನು ಪಟ್ಟಿಮಾಡುವಾಗ ಒಂದು ಎಚ್ಚರಿಕೆ ಬೇಕು. ‘ಕವಿರಾಜಮಾರ್ಗ’ ಹೇಳುವ ಗೋದಾವರಿಯ ಎಲ್ಲೆಯನ್ನು ನೆನೆದು ಕಳೆದುಹೋದುದನ್ನು ಲೆಕ್ಕಹಾಕುವ ಒಂದು ಮನೋಧರ್ಮ ನಮ್ಮ ಸಂಶೋಧನೆಯಲ್ಲಿ ಬೇರೂರಿದೆ. ಶಂಬಾ ಜೋಶಿಯವರು ಈ ಪ್ರಶ್ನೆಯನ್ನು ಅಸಾಧಾರಣ ಪಾಂಡಿತ್ಯದಿಂದ ಎತ್ತಿದರು. ಅವರ ಹಿಂದೆ ಬಂದ ಕೆಲವರು ಪಾಂಡಿತ್ಯವನ್ನು ಬಿಟ್ಟು ಹಕ್ಕುದಾರಿಕೆಯನ್ನು ಮಾತ್ರ ಉಳಿಸಿಕೊಂಡರು. ಗಡಿವಿವಾದದ ದಶಕಗಳಲ್ಲಿ ಎರಡೂ ಕಡೆಯವರು ರಾಗ, ದೈವ, ನಾಟಕಗಳನ್ನು ಜಮೀನಿನ ಪಹಣಿಯಂತೆ ಓದಿದುದುಂಟು. ‘ಕಾನಡಾ’ ಎಂಬ ಹೆಸರು ಅಂಥ ಓದಿಗೆ ಒಗ್ಗುವುದಿಲ್ಲ. ನಮ್ಮ ಗುರುತಾಗಿರುವ ಈ ಹೆಸರು ರೂಪುಗೊಂಡುದು ನೆರೆಯವರ ಬಾಯಲ್ಲಿ. ಅವರು ನಮ್ಮನ್ನು ಕೇಳಿಸಿಕೊಂಡುದರಿಂದ ಅದು ಹುಟ್ಟಿತು. ಕೇಳುವುದು ನಿಂತಲ್ಲಿ ಅದು ಬರಿಯ ಶಬ್ದವಾಗಿ ಉಳಿಯುತ್ತದೆ.

7

ಆ ರಾತ್ರಿಯ ಒಂದು ವಿವರವನ್ನು ಕೊನೆಗೆಂದು ಇಟ್ಟುಕೊಂಡಿದ್ದೇನೆ. ಅದು ಬೇರೆ ಯಾರ ನಿರೂಪಣೆಯಲ್ಲಿಯೂ ಇಲ್ಲ. ನನ್ನ ಟಿಪ್ಪಣಿಯ ಅಂಚಿನಲ್ಲಿ ಒಂದು ಸಾಲಾಗಿ ಇದೆ. ದಾಸರ ಪದವನ್ನು ಹಾಡುತ್ತಿದ್ದಾಗ ಹತ್ತು ವರ್ಷದ ಅಕ್ಕನ ಮಗಳು ತಾಯಿಯ ಕಿವಿಯಲ್ಲಿ ಮರಾಠಿಯಲ್ಲಿ, ಇದರ ಅರ್ಥವೇನು ಎಂದು ಕೇಳಿದಳು. ಅಕ್ಕ ಕತ್ತಲಲ್ಲಿ ಸಾಲುಸಾಲಾಗಿ ಮರಾಠಿಗೆ ಅನುವಾದಿಸತೊಡಗಿದಳು. ಅತ್ತೆಗೆ ಸಿಟ್ಟು ಬಂದಿತು: “ಕನ್ನಡಕ್ಕ ಮರಾಠಿ ಅರ್ಥ ಹೇಳತೀಯಲ್ಲವಾ, ನಿನ್ನ ಮಗಳಿಗೆ!” ಸ್ವಲ್ಪ ಹೊತ್ತಿನಲ್ಲಿ ಅಭಂಗ ಆರಂಭವಾಯಿತು. ಅದರ ಒಂದು ಹಳೆಯ ಶಬ್ದ ಅತ್ತೆಗೆ ತಿಳಿಯಲಿಲ್ಲ. ಅವರು ಮೆಲ್ಲಗೆ ಮೊಮ್ಮಗಳನ್ನೇ ಕೇಳಿದರು. ಹುಡುಗಿ ಶಾಲೆಯಲ್ಲಿ ಕಲಿತಿದ್ದಳು, ಹೇಳಿದಳು.

ಆ ಹುಡುಗಿಗೆ ಕನ್ನಡವು ಅಭಂಗದ ಎರಡನೆಯ ಅರ್ಥದಲ್ಲಿ ‘ಕಾನಡಾ’ ಆಗಿದೆ: ಇಂಪಾಗಿ ಕೇಳಿಸುತ್ತದೆ, ತಿಳಿಯುವುದಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಸಾವಿರಾರು ಕನ್ನಡ ಮನೆಗಳಲ್ಲಿ ಈ ತಲೆಮಾರಿನ ಸ್ಥಿತಿ ಇದಕ್ಕಿಂತ ಬೇರೆಯಾಗಿರಲಾರದು. ಇದನ್ನು ಭಾಷಾನಾಶವೆಂದು ಮಾತ್ರ ವರ್ಣಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಜ್ಜಿ ಮೊಮ್ಮಗಳನ್ನೂ ಮೊಮ್ಮಗಳು ತಾಯಿಯನ್ನೂ ಅರ್ಥ ಕೇಳುವ ಈ ಕ್ರಮ ಮಧ್ಯಕಾಲದ ಸಭೆಗಳಲ್ಲಿಯೂ ಇದ್ದಿರಬೇಕು. ಹಾಗಿಲ್ಲದಿದ್ದರೆ ತುಕಾರಾಮರ ಅಭಂಗದೊಳಗೆ ಕನ್ನಡದ ಮಾತುಗಳು ಬರುತ್ತಿರಲಿಲ್ಲ.

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡದ ಕೆಲಸ ಮಾಡುವವರು ತಮ್ಮ ಸುತ್ತಲಿನ ಚಿಕ್ಕ ಉತ್ಸವಗಳ ಕೇಳುಗರಿಂದ ಇಂಥ ಪ್ರಸಂಗಗಳನ್ನು, ಪಾಠಾಂತರಸಹಿತವಾಗಿ, ಬರೆದುಕೊಳ್ಳಬೇಕು. ವಿಲಕ್ಷಣವೆಂದು ನಕ್ಕು ಬಿಡುವ ಸಂಗತಿಗಳಲ್ಲಿಯೇ ಮುಖ್ಯವಾದುದು ಇರಬಹುದು. ಆ ಕೇಳುಗರಲ್ಲಿ ಬಹುಪಾಲು ಜನ ಎಪ್ಪತ್ತು ದಾಟಿದ್ದಾರೆ. ಶಾಲೆಯ ಅಂಗಳದ ಆ ಉತ್ಸವವೂ ಕೆಲವು ವರ್ಷಗಳಲ್ಲಿ ನಿಂತುಹೋಯಿತು.

ಅಕ್ಕನ ಅತ್ತೆ ದಾಸರ ಪದಗಳನ್ನು ಬರೆದಿಟ್ಟುಕೊಂಡಿದ್ದ ಒಂದು ವಹಿ ಈಗ ಮೊಮ್ಮಗಳ ಬಳಿ ಇದೆ. ಆಕೆಗೆ ಕನ್ನಡ ಲಿಪಿ ಓದಲು ಬಾರದು. ಕಳೆದ ಬೇಸಿಗೆಯಲ್ಲಿ ಅದನ್ನು ನನಗೆ ತೋರಿಸಿ, “ಮಾಮಾ, ನಾಗರಿಯಲ್ಲಿ ಬರೆದುಕೊಡಿ” ಎಂದಳು. ಹತ್ತು ಪದಗಳನ್ನು ಬರೆದುಕೊಟ್ಟೆ. ಅವುಗಳನ್ನು ಗಟ್ಟಿಯಾಗಿ ಓದಿ ನೋಡಿ, ಅರ್ಥವನ್ನೂ ಬರೆಯಿರಿ ಎಂದಳು. ಯಾವ ಭಾಷೆಯಲ್ಲಿ ಎಂದು ಕೇಳಿದೆ. ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ ಇರಲಿ ಎಂದಳು. ಆ ಕೆಲಸ ಇನ್ನೂ ನಡೆದಿದೆ.